ದನಿ ಯಾರದು, ಹೆಸರು ಯಾರದು?



ಕಳೆದ ತಿಂಗಳು ನಮ್ಮ ತೋಟದ ಲೈನಿನಿಂದ ಇಬ್ಬರು ಅಕ್ಕಂದಿರು ಒಂದು ಕಾಗದವನ್ನು ಸೆರಗಿನಲ್ಲಿ ಮಡಿಸಿಕೊಂಡು ನಮ್ಮ ಬಳಿಗೆ ಬಂದರು. ಇಬ್ಬರೂ ಚೆನ್ನಾಗಿ ಹಾಡುವವರು. ಎಲೆ ಕೀಳುವಾಗ ಹೇಳುವ ಪದಗಳು, ಮದುವೆಯ ಸೋಬಾನೆಗಳು, ತೊಟ್ಟಿಲು ತೂಗುವ ಪದಗಳು ಇವರ ಬಾಯಲ್ಲಿ ಎಷ್ಟಿವೆಯೋ ಲೆಕ್ಕವಿಲ್ಲ. ಪೇಟೆಯಿಂದ ಬಂದ ಒಬ್ಬರು ಇವರ ಹಾಡು ಕೇಳಿ ಮೆಚ್ಚಿ, ತಾವು ತೆಗೆಯುತ್ತಿರುವ ಚಿತ್ರಕ್ಕೆ ಈ ದನಿ ಬೇಕೆಂದೂ ಅರ್ಧ ದಿನ ಹಾಡಿಕೊಟ್ಟರೆ ಎರಡು ದಿನದ ಕೂಲಿ ಕೊಡುವುದಾಗಿಯೂ ಹೇಳಿ ಈ ಕಾಗದವನ್ನು ಕೊಟ್ಟು ಹೋಗಿದ್ದರಂತೆ.

ಕಾಗದ ಇಂಗ್ಲಿಷಿನಲ್ಲಿತ್ತು. ಓದಿ ನೋಡಿದೆವು. ಅದರಲ್ಲಿ ಮೂರು ಮಾತುಗಳಿದ್ದವು. ಮೊದಲನೆಯದು, ಈ ದನಿಯನ್ನು ಎಷ್ಟು ಕಾಲ ಬೇಕಾದರೂ, ಯಾರ ಮುಖಕ್ಕೆ ಬೇಕಾದರೂ ಜೋಡಿಸಿಕೊಳ್ಳಬಹುದು. ಎರಡನೆಯದು, ಹಾಡಿದವರು ತಾವೇ ಹಾಡಿದ್ದೆಂದು ಎಲ್ಲಿಯೂ ಹೇಳಬಾರದು. ಮೂರನೆಯದು, ಮುಂದೆ ಎಂದಿಗೂ ಇನ್ನೊಂದು ಕಾಸು ಕೇಳಬಾರದು.

“ಏನಣ್ಣಾ, ಇದಕ್ಕೆ ಸೈನು ಹಾಕಬಹುದಾ? ಎರಡು ದಿನದ ಕೂಲಿ ಅಂದರೆ ಮಕ್ಕಳ ಪುಸ್ತಕಕ್ಕಾದರೂ ಆಯಿತು” ಎಂದು ಹಿರಿಯಾಕೆ ಕೇಳಿದರು.

ಆ ಕೂಡಲೇ ನಾವು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಯಾಕಂದರೆ ಆ ಕಾಗದವನ್ನು ಓದುವಾಗಲೇ ನಮಗೆ ಮತ್ತೊಬ್ಬ ಹೆಂಗಸಿನ ನೆನಪಾಯಿತು. ಆಕೆ ನಮ್ಮ ದೇಶದವರಲ್ಲ. ತೋಟದ ಕೆಲಸದವರೂ ಅಲ್ಲ. ಆದರೂ ಇಂಥದೇ ಕಾಗದಕ್ಕೆ ಸಹಿ ಹಾಕಿದವರು. ಅವರ ಕಥೆಯನ್ನು ಈ ಸಲ ನಿಮ್ಮೆಲ್ಲರ ಮುಂದೆ ಇಟ್ಟು, ಬಳಿಕ ನಮ್ಮ ಅಭಿಪ್ರಾಯವನ್ನು ಹೇಳುತ್ತೇವೆ.

ಆಕೆಯ ಹೆಸರು ಮಾರ್ನಿ ನಿಕ್ಸನ್. ೧೯೩೦ರ ಫೆಬ್ರುವರಿ ೨೨ರಂದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಹಾಲಿವುಡ್ಡಿಗೆ ದೂರವಲ್ಲದ ಆಲ್ಟಡೀನ ಎಂಬ ಊರಿನಲ್ಲಿ ಹುಟ್ಟಿದರು. ಎಳೆಯ ವಯಸ್ಸಿನಲ್ಲಿಯೇ ಪಿಟೀಲು ಕಲಿತರು. ಬಳಿಕ ಹಾಡುಗಾರಿಕೆಯನ್ನು ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಿದರು. ಯಾವ ಸ್ವರವನ್ನು ಕೇಳಿದರೂ ಅದು ಇಂಥದೇ ಎಂದು ಥಟ್ಟನೆ ಗುರುತಿಸುವ ಕಿವಿ ಅವರಿಗಿತ್ತು. ಹರೆಯದಲ್ಲಿ ಒಂದು ದೊಡ್ಡ ಚಿತ್ರ ಕಂಪನಿಯಲ್ಲಿ ಕಾಗದಪತ್ರಗಳನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ ಮುಟ್ಟಿಸುವ ಸಣ್ಣ ಕೆಲಸಕ್ಕೆ ಸೇರಿದರು. ಈ ಹುಡುಗಿ ಹಾಡುತ್ತಾಳೆಂಬುದು ಅಲ್ಲಿದ್ದವರಿಗೆ ತಿಳಿಯಿತು. ಹಾಡಲು ಬಾರದ ನಟಿಯರಿಗೆ ದನಿ ಕೊಡುವ ಕೆಲಸ ಹಾಗೆ ಶುರುವಾಯಿತು.

೧೯೪೮ರಲ್ಲಿ ‘ಜೋನ್ ಆಫ್ ಆರ್ಕ್’ ಎಂಬ ಚಿತ್ರ ಬಂದಿತು. ಫ್ರಾನ್ಸಿನ ಆ ಹಳ್ಳಿಯ ಹುಡುಗಿಗೆ ಪರಲೋಕದ ದನಿಗಳು ಕೇಳಿಸುತ್ತವೆಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿರುವ ಕಥೆ. ಚಿತ್ರದಲ್ಲಿ ಇಂಗ್ರಿಡ್ ಬರ್ಗ್‌ಮನ್ ಎಂಬ ನಟಿ ಆಲಿಸುವ ದೇವದೂತರ ಆ ದನಿಗಳಲ್ಲಿ ಹಾಡಿದವರು ಹದಿನೆಂಟು ವರ್ಷದ ಈ ಹುಡುಗಿ. ಅದೇ ಕಾಲದಲ್ಲಿ ಮಾರ್ಗರೆಟ್ ಓಬ್ರಿಯನ್ ಎಂಬ ಬಾಲನಟಿಗೂ ಹಾಡಿದರು. ೧೯೫೩ರಲ್ಲಿ ಮರ್ಲಿನ್ ಮನ್ರೋ ಅವರ ಬಹು ಪ್ರಸಿದ್ಧವಾದ ಒಂದು ಹಾಡಿನಲ್ಲಿ ಅವರಿಗೆ ಏರಲಾರದ ಮೇಲಿನ ಸ್ವರಗಳನ್ನು ತುಂಬಿಕೊಟ್ಟರು. ಯಾವುದರಲ್ಲಿಯೂ ಮಾರ್ನಿಯ ಹೆಸರಿಲ್ಲ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ನಮ್ಮ ದೇಶದಲ್ಲಿ ನಟಿ ತುಟಿ ಆಡಿಸುತ್ತಾಳೆ, ಹಿನ್ನೆಲೆ ಗಾಯಕಿ ಹಾಡುತ್ತಾಳೆ ಎಂಬುದು ಚಿಕ್ಕ ಮಗುವಿಗೂ ಗೊತ್ತು. ಎಸ್. ಜಾನಕಿ, ಪಿ. ಸುಶೀಲ ಇವರ ಹೆಸರು ಹೇಳಿಯೇ ರೇಡಿಯೋದವರು ಹಾಡು ಹಾಕುತ್ತಾ ಬಂದಿದ್ದಾರೆ. ಹಾಲಿವುಡ್ಡಿನಲ್ಲಿ ಹಾಗಿರಲಿಲ್ಲ. ಮುಖ ಯಾರದೋ ದನಿಯೂ ಅವರದೇ ಎಂದು ಜನ ನಂಬಬೇಕು, ನಂಬಿದರೆ ಮಾತ್ರ ಟಿಕೆಟ್ಟು ಮಾರುತ್ತದೆ ಎಂಬುದು ಅಲ್ಲಿನ ಕಂಪನಿಗಳ ಲೆಕ್ಕಾಚಾರ. ಆದಕಾರಣ ಹಾಡಿದವರು ಮರೆಯಲ್ಲಿಯೇ ಇರಬೇಕಾಗಿತ್ತು. ಪ್ರೇತ ಗಾಯಕರು ಎಂಬ ಅರ್ಥದ ಹೆಸರಿನಿಂದಲೇ ಅಲ್ಲಿ ಇಂಥವರನ್ನು ಕರೆಯುತ್ತಿದ್ದರು.

೧೯೫೬ರಲ್ಲಿ ‘ದಿ ಕಿಂಗ್ ಅಂಡ್ ಐ’ ಎಂಬ ಚಿತ್ರ ಹೊರಬಂದಿತು. ಸಯಾಮಿನ ಅರಸನ ಮಕ್ಕಳಿಗೆ ಪಾಠ ಹೇಳಲು ಹೋದ ಒಬ್ಬ ಶಿಕ್ಷಕಿಯ ಕಥೆ. ಶಿಕ್ಷಕಿಯಾಗಿ ನಟಿಸಿದವರು ಡೆಬೊರಾ ಕೆರ್, ಹಾಡಿದವರು ಮಾರ್ನಿ. ಇವರಿಬ್ಬರೂ ಅಕ್ಕಪಕ್ಕದಲ್ಲಿ ನಿಂತು ಅಭ್ಯಾಸ ಮಾಡಿದರು. ಮಾತು ಎಲ್ಲಿ ನಿಲ್ಲುತ್ತದೆ, ಹಾಡು ಎಲ್ಲಿ ಏಳುತ್ತದೆ ಎಂದು ಕೇಳುವವರಿಗೆ ತಿಳಿಯದಂತೆ, ಒಂದೇ ಹಾಡಿನಲ್ಲಿ ನಟಿ ಆಡಿದ ಮಾತನ್ನು ಗಾಯಕಿ ಎತ್ತಿಕೊಂಡು ಹಾಡಿದ್ದುಂಟು. ಉಸಿರು ಎಳೆಯುವ ರೀತಿ, ಗಂಟಲು ತಿರುಗುವ ರೀತಿ, ಮುಖದ ಭಾವ ಎಲ್ಲವನ್ನೂ ನೋಡಿ ಹೊಂದಿಸಬೇಕಾಗಿತ್ತು. ಇದು ಬರೀ ಹಾಡುವ ಕೆಲಸವಲ್ಲ, ಇನ್ನೊಬ್ಬರ ಒಳಗೆ ಹೊಕ್ಕು ಹಾಡುವ ಕೆಲಸ.

ಈ ಕೆಲಸಕ್ಕೆ ಮಾರ್ನಿಯ ಕೈಗೆ ಬಂದದ್ದೇನು? ಆ ಚಿತ್ರದ ಹಾಡುಗಳ ತಟ್ಟೆ ಲಕ್ಷಗಟ್ಟಲೆ ಮಾರಾಟವಾಯಿತು. ಆಕೆಗೆ ಸಿಕ್ಕಿದ್ದು ಒಟ್ಟು ೪೨೦ ಡಾಲರ್. ಹಣದ ಮಾತು ಹಾಗಿರಲಿ. ಡೆಬೊರಾ ಕೆರ್ ಅವರಿಗೆ ಹಾಡಿದವಳು ನೀನೆಂದು ಯಾರಿಗಾದರೂ ತಿಳಿದರೆ ಇನ್ನು ಈ ಊರಿನಲ್ಲಿ ನಿನಗೆ ಕೆಲಸ ಸಿಕ್ಕದ ಹಾಗೆ ಮಾಡುತ್ತೇವೆ ಎಂದು ಕಂಪನಿಯವರು ಬೆದರಿಸಿದ್ದರೆಂಬುದನ್ನು ಆಕೆಯೇ ಮುಂದೆ ಹೇಳಿಕೊಂಡಿದ್ದಾರೆ. ಈ ಮಾತನ್ನು ನಮ್ಮ ಲೈನುಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬಾಯಿ ತೆರೆದರೆ ಕೆಲಸವಿಲ್ಲ ಎಂಬ ಮಾತನ್ನು ನಮ್ಮ ಅಜ್ಜ ಅಜ್ಜಿಯರು ಕಂಗಾಣಿಯ ಬಾಯಿಂದ ಕೇಳಿದವರೇ.

ಆದರೆ ಗುಟ್ಟು ಉಳಿಯಲಿಲ್ಲ. ಅದನ್ನು ಹೊರಗೆಡವಿದವರು ಯಾರು ಗೊತ್ತೇ? ಡೆಬೊರಾ ಕೆರ್ ಅವರೇ. ಹಾಡಿದವರು ಮಾರ್ನಿ ನಿಕ್ಸನ್ ಎಂದು ಪತ್ರಿಕೆಯವರ ಮುಂದೆ ಹೇಳಿಬಿಟ್ಟರು. ಅವರಿಗೆ ಇದರಿಂದ ನಷ್ಟವೇನೂ ಆಗಲಿಲ್ಲ. ಆ ಪಾತ್ರಕ್ಕಾಗಿ ಆಸ್ಕರ್ ಪ್ರಶಸ್ತಿಯ ಸ್ಪರ್ಧೆಯಲ್ಲಿ ಅವರ ಹೆಸರಿತ್ತು. ಮುಂದೆಯೂ ದೊಡ್ಡ ನಟಿಯಾಗಿಯೇ ಬಾಳಿದರು. ಮರುವರ್ಷ ೧೯೫೭ರಲ್ಲಿ ಇನ್ನೊಂದು ಚಿತ್ರಕ್ಕೆ ಮಾರ್ನಿಯೇ ಅವರಿಗೆ ಹಾಡಿದರು. ಪಕ್ಕದವರ ಹೆಸರು ಹೇಳಿದರೆ ತಮ್ಮ ಹೆಸರು ಸಣ್ಣದಾಗುತ್ತದೆಂದು ಹೆದರುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

೧೯೬೧ರ ‘ವೆಸ್ಟ್ ಸೈಡ್ ಸ್ಟೋರಿ’ಯ ಸಂಗತಿ ಬೇರೆ ರೀತಿಯದು. ಅಲ್ಲಿ ನಾಯಕಿ ನಟಾಲಿ ವುಡ್. ತನ್ನ ದನಿಯೇ ಉಳಿಯುತ್ತದೆ, ಮೇಲಿನ ಕೆಲವು ಸ್ವರಗಳನ್ನು ಮಾತ್ರ ಇನ್ನೊಬ್ಬರು ತುಂಬುತ್ತಾರೆ ಎಂದು ಆಕೆ ನಂಬಿದ್ದರು. ಅದೇ ನಂಬಿಕೆಯಲ್ಲಿ ತನ್ನ ಹಾಡಿಗೆ ತುಟಿ ಆಡಿಸಿ ಚಿತ್ರೀಕರಣ ಮುಗಿಸಿದರು. ಎಲ್ಲಾ ಮುಗಿದ ಮೇಲೆ ಅವರ ದನಿಯನ್ನು ತೆಗೆದು ಮಾರ್ನಿಯ ದನಿಯನ್ನು ಹಾಕಲಾಯಿತು. ಈಗ ಮಾರ್ನಿಗೆ ಹೊಸ ಕಷ್ಟ. ಆಗಲೇ ಪರದೆಯ ಮೇಲೆ ಆಡಿ ಮುಗಿದ ತುಟಿಗೆ, ಅದು ತಾಳ ತಪ್ಪಿದ ಕಡೆಯಲ್ಲಿಯೂ ಹೊಂದುವಂತೆ ಹಾಡಬೇಕಾಯಿತು. ಅದೇ ಚಿತ್ರದಲ್ಲಿ ಒಂದು ಕಡೆ ಇನ್ನೊಬ್ಬ ನಟಿ ರೀಟಾ ಮೊರೆನೊ ಅವರ ದನಿಯೂ ಮಾರ್ನಿಯದೇ. ಇಬ್ಬರು ಹೆಂಗಸರಲ್ಲಿ ಒಬ್ಬರಿಗೆ ಸುಳ್ಳು ಹೇಳಿದರು, ಇನ್ನೊಬ್ಬರ ಹೆಸರು ಮುಚ್ಚಿದರು. ಗುಟ್ಟು ಎಂಬುದು ಯಾರಿಗೂ ಒಳ್ಳೆಯದು ಮಾಡಲಿಲ್ಲ.

ಆ ಚಿತ್ರಕ್ಕೆ ಹತ್ತು ಆಸ್ಕರ್ ಪ್ರಶಸ್ತಿಗಳು ಬಂದವು. ಅದರ ಹಾಡಿನ ತಟ್ಟೆ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ೫೪ ವಾರ, ಅಂದರೆ ಒಂದು ವರ್ಷಕ್ಕೂ ಹೆಚ್ಚು ಕಾಲ, ಮೊದಲನೆಯ ಸ್ಥಾನದಲ್ಲಿತ್ತು. ಮಾರ್ನಿ ಈ ಸಲ ಸುಮ್ಮನಿರಲಿಲ್ಲ. ತಟ್ಟೆಯ ಮಾರಾಟದಲ್ಲಿ ತನಗೂ ಪಾಲು ಬೇಕೆಂದು ಕೇಳಿದರು. ನಿರ್ಮಾಪಕರು ಕೊಡಲಿಲ್ಲ. ಕಡೆಗೆ ಆ ಚಿತ್ರದ ಸಂಗೀತ ರಚಿಸಿದ ಲಿಯೊನಾರ್ಡ್ ಬರ್ನ್‌ಸ್ಟೀನ್ ಅವರು ತಮ್ಮ ಸ್ವಂತ ಪಾಲಿನಿಂದ ನೂರಕ್ಕೆ ಕಾಲು ಭಾಗವನ್ನು ಆಕೆಗೆ ಬರೆದುಕೊಟ್ಟರು. ಅಂದರೆ ಅವರಿಗೆ ನಾನೂರು ಡಾಲರ್ ಬಂದಾಗ ಆಕೆಗೆ ಒಂದು ಡಾಲರ್.

ಬರ್ನ್‌ಸ್ಟೀನ್ ಅವರ ಮನಸ್ಸು ದೊಡ್ಡದು. ಅದನ್ನು ಅಲ್ಲವೆನ್ನುವುದಿಲ್ಲ. ಕೊಡಬೇಕಾಗಿದ್ದವರು ಕೊಡದೆ ಹೋದಾಗ ಕೊಡಬೇಕಾಗಿಲ್ಲದವರು ಕೊಟ್ಟರು. ಆದರೆ ನಮ್ಮ ಮನಸ್ಸನ್ನು ಚುಚ್ಚುವುದು ಇದೇ ಸಂಗತಿ. ಒಬ್ಬ ಕೆಲಸಗಾರ್ತಿಯ ನ್ಯಾಯವಾದ ಪಾಲು ಒಬ್ಬ ಒಳ್ಳೆಯವರ ದಯೆಯ ಮೇಲೆ ನಿಲ್ಲಬೇಕೇ? ಆ ಒಳ್ಳೆಯವರು ಇಲ್ಲದಿದ್ದರೆ? ಒಳ್ಳೆಯ ದೊರೆ ಇರುವ ತೋಟದಲ್ಲಿ ಮನೆಯ ಸೂರು ಸೋರುವುದಿಲ್ಲ, ಕೆಟ್ಟ ದೊರೆ ಬಂದರೆ ಸೋರುತ್ತದೆ ಎಂಬ ಬದುಕನ್ನು ನಾವು ಬಹಳ ಕಾಲ ಕಂಡವರು. ಕಾಗದದಲ್ಲಿ ಬರೆದ ಹಕ್ಕು ಬೇಕು ಎಂದು ನಮ್ಮ ಹಿರಿಯರು ಹೋರಾಡಿದ್ದು ಇದಕ್ಕಾಗಿಯೇ.

೧೯೬೪ರಲ್ಲಿ ‘ಮೈ ಫೇರ್ ಲೇಡಿ’ ಬಂದಿತು. ಆಡ್ರಿ ಹೆಪ್‌ಬರ್ನ್ ಅವರ ಹಾಡುಗಳಲ್ಲಿ ಬಹುಪಾಲು ಮಾರ್ನಿಯ ದನಿ. ಅಷ್ಟು ಹೊತ್ತಿಗೆ ಪತ್ರಿಕೆಗಳೂ ಬರೆಯತೊಡಗಿದ್ದವು. ಚಿತ್ರಕ್ಕೆ ಎಂಟು ಆಸ್ಕರ್‌ಗಳು ಬಂದರೂ ಹೆಪ್‌ಬರ್ನ್ ಅವರ ಹೆಸರು ನಟಿಯರ ಸ್ಪರ್ಧೆಯಲ್ಲಿ ಇರಲೇ ಇಲ್ಲ. ಹಾಡು ಅವರದಲ್ಲ ಎಂಬುದೂ ಅದಕ್ಕೊಂದು ಕಾರಣವೆಂದು ಜನರಾಡಿಕೊಂಡರು. ಅದೇ ಪಾತ್ರವನ್ನು ನಾಟಕರಂಗದಲ್ಲಿ ತಾನೇ ಹಾಡಿ ಮೆರೆಸಿದ್ದ ಜೂಲಿ ಆಂಡ್ರ್ಯೂಸ್ ಅವರಿಗೆ ಬೇರೊಂದು ಚಿತ್ರಕ್ಕಾಗಿ ಆ ವರ್ಷದ ಪ್ರಶಸ್ತಿ ಹೋಯಿತು.

ಬೇರೆ ಬೇರೆ ಮುಖಗಳ ಹಿಂದೆ ಇಷ್ಟು ವರ್ಷ ಹಾಡಿದ ಮಾರ್ನಿಯ ಮುಖವನ್ನು ಜನ ದೊಡ್ಡ ಚಿತ್ರದಲ್ಲಿ ಕಂಡದ್ದು ೧೯೬೫ರಲ್ಲಿ. ‘ದಿ ಸೌಂಡ್ ಆಫ್ ಮ್ಯೂಸಿಕ್’ ಚಿತ್ರದ ಕನ್ಯಾಮಠದಲ್ಲಿ ಸಿಸ್ಟರ್ ಸೋಫಿಯಾ ಎಂಬ ಸಣ್ಣ ಪಾತ್ರ. ನಾಯಕಿ ಜೂಲಿ ಆಂಡ್ರ್ಯೂಸ್. ತಾವು ಹಾಡಬೇಕಾಗಿದ್ದ ಹಾಡುಗಳನ್ನು ಹಾಡಿದಾಕೆಯನ್ನು ಅವರು ಹೇಗೆ ಕಾಣುವರೋ ಎಂದು ಅಲ್ಲಿದ್ದವರಿಗೆ ಅಳುಕು. ಜೂಲಿಯವರು ನೇರವಾಗಿ ನಡೆದು ಬಂದು ಕೈಕುಲುಕಿ, ತಾನು ನಿಮ್ಮ ಹಾಡನ್ನು ಬಹಳ ಮೆಚ್ಚಿದವಳು ಎಂದರಂತೆ. ಈ ಮಾತನ್ನು ಮಾರ್ನಿ ಮುಪ್ಪಿನವರೆಗೂ ಸಂತೋಷದಿಂದ ನೆನೆಯುತ್ತಿದ್ದರು.

ಆಕೆ ಬರೀ ಎರವಲು ದನಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಸ್ಟ್ರಾವಿನ್ಸ್ಕಿ, ಶೋನ್‌ಬರ್ಗ್ ಇವರು ರಚಿಸಿದ, ಪಳಗಿದವರೂ ಅಂಜುವಂಥ ಕಠಿಣ ಸಂಗೀತವನ್ನು ಸಭೆಗಳಲ್ಲಿ ಸ್ವಂತ ಹೆಸರಿನಿಂದ ಹಾಡಿದರು. ಸಿಯಾಟಲ್ ನಗರದ ಟೆಲಿವಿಷನ್ನಿನಲ್ಲಿ ಮಕ್ಕಳ ಕಾರ್ಯಕ್ರಮ ನಡೆಸಿ ಪ್ರಶಸ್ತಿಗಳನ್ನು ಪಡೆದರು. ಹೊಸ ಹಾಡುಗಾರರಿಗೆ ಪಾಠ ಹೇಳಿದರು. ೧೯೯೮ರಲ್ಲಿ ‘ಮುಲಾನ್’ ಎಂಬ ಬೊಂಬೆ ಚಿತ್ರದ ಅಜ್ಜಿಗೆ ಹಾಡಿದಾಗ ಅವರಿಗೆ ೬೮ ವಯಸ್ಸು. ೨೦೦೬ರಲ್ಲಿ ಆತ್ಮಕಥೆ ಬರೆದು ಎಲ್ಲವನ್ನೂ ಬಿಚ್ಚಿ ಹೇಳಿದರು. ಸ್ತನದ ಕ್ಯಾನ್ಸರ್ ರೋಗದೊಡನೆ ಹಲವು ವರ್ಷ ಸೆಣಸಿ, ೨೦೧೬ರ ಜುಲೈ ೨೪ರಂದು ನ್ಯೂಯಾರ್ಕಿನಲ್ಲಿ ೮೬ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇದು ದೂರ ದೇಶದ ಸಂಗತಿ ಎನ್ನುವಿರಾ? ನಮ್ಮ ಮಗ್ಗುಲಲ್ಲೇ ಒಂದಿದೆ. ೧೯೯೩ರಲ್ಲಿ ಬಂದ ‘ಮಣಿಚಿತ್ರತ್ತಾಳು’ ಎಂಬ ಮಲಯಾಳ ಚಿತ್ರವನ್ನು ಗಡಿನಾಡಿನ ನಮ್ಮವರಲ್ಲಿ ನೋಡದವರು ಕಡಿಮೆ. ಅದೇ ಕಥೆ ೨೦೦೪ರಲ್ಲಿ ಕನ್ನಡದಲ್ಲಿ ‘ಆಪ್ತಮಿತ್ರ’ವಾಯಿತು. ನಾಗವಲ್ಲಿಯಾಗಿ ಬದಲಾಗಿ ತಮಿಳಿನಲ್ಲಿ ಗರ್ಜಿಸುವ ಆ ಹೆಂಗಸಿನ ಪಾತ್ರ ಮಾಡಿದ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಸಾಧಾರಣ ಮಾತಿನಲ್ಲಿ ಆ ಪಾತ್ರಕ್ಕೆ ದನಿ ಕೊಟ್ಟವರು ಹೆಸರಾಂತ ಡಬ್ಬಿಂಗ್ ಕಲಾವಿದೆ ಭಾಗ್ಯಲಕ್ಷ್ಮಿ. ಎದೆ ನಡುಗಿಸುವ ಆ ತಮಿಳು ದನಿಯೂ ಅವರದೇ ಎಂದು ಜನ ೨೦ ವರ್ಷಗಳಿಗೂ ಹೆಚ್ಚು ಕಾಲ ನಂಬಿದ್ದರು. ೨೦೧೬ರಲ್ಲಿ ಚಿತ್ರದ ನಿರ್ದೇಶಕ ಫಾಸಿಲ್ ಅವರು ತಮ್ಮ ನೆನಪುಗಳನ್ನು ಬರೆಯುವಾಗ, ನಾಗವಲ್ಲಿಗೆ ದನಿ ಕೊಟ್ಟವರು ದುರ್ಗಾ ಎಂಬ ತಮಿಳು ಡಬ್ಬಿಂಗ್ ಕಲಾವಿದೆ ಎಂದು ತಿಳಿಸಿದರು. ಈ ಹೆಂಗಸರಲ್ಲಿ ಯಾರದೂ ತಪ್ಪಿಲ್ಲ. ಬರೆಯಬೇಕಾದ ಕಡೆ ಒಂದು ಹೆಸರನ್ನು ಬರೆಯದಿದ್ದರೆ ಸತ್ಯ ಹೊರಬರಲು ಅಷ್ಟು ವರ್ಷ ಬೇಕಾಗುತ್ತದೆ ಎಂಬುದಷ್ಟೇ ನಾವು ಹೇಳುವುದು.

ಈಗ ನಮ್ಮ ಅಭಿಪ್ರಾಯಕ್ಕೆ ಬರೋಣ.

ಒಬ್ಬರ ಮುಖಕ್ಕೆ ಇನ್ನೊಬ್ಬರ ದನಿ ಸೇರಿಸುವುದು ತಪ್ಪಲ್ಲ. ಅದು ಮೋಸವೂ ಅಲ್ಲ. ಒಬ್ಬರಿಗೆ ನಟಿಸಲು ಬರುತ್ತದೆ, ಒಬ್ಬರಿಗೆ ಹಾಡಲು ಬರುತ್ತದೆ. ಇಬ್ಬರ ಕೈ ಸೇರಿದರೆ ಒಳ್ಳೆಯ ಕೆಲಸವಾಗುತ್ತದೆ. ಎಲೆ ಕೀಳುವವರು ಬೇರೆ, ಫ್ಯಾಕ್ಟರಿಯಲ್ಲಿ ಬಾಡಿಸಿ ಹುರಿಯುವವರು ಬೇರೆ, ಪೊಟ್ಟಣ ಕಟ್ಟುವವರು ಬೇರೆ. ಆದರೂ ಲೋಟದಲ್ಲಿ ಇಳಿಯುವ ಚಹಾ ಒಂದೇ. ತಪ್ಪಾಗುವುದು ಎರಡು ಕಡೆ. ಮಾಡಿದವರ ಹೆಸರನ್ನು ಮುಚ್ಚುವುದು ಒಂದು. ವರ್ಷಾನುಗಟ್ಟಲೆ ಮಾರಾಟವಾಗುವ ಕೆಲಸಕ್ಕೆ ಒಂದೇ ಸಲ ಕೈಗೆ ಕಾಸು ಹಾಕಿ ತೊಳೆದುಕೊಳ್ಳುವುದು ಇನ್ನೊಂದು.

ಕೆಲವರು ಕೇಳುತ್ತಾರೆ: ಒಪ್ಪಿಕೊಂಡು ಸಹಿ ಹಾಕಿದ ಮೇಲೆ ಕೇಳುವುದಕ್ಕೇನಿದೆ? ಮಾತಿಗೆ ತಪ್ಪಬಾರದೆಂಬುದು ನಿಜ. ಆದರೆ ಕೆಲಸ ತಪ್ಪೀತೆಂಬ ಹೆದರಿಕೆಯಿಂದ ಹಾಕಿದ ಸಹಿಯೂ ಸರಿಸಮಾನರು ಕುಳಿತು ಮಾತಾಡಿ ಹಾಕಿದ ಸಹಿಯೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಓದಲಾರದ ಭಾಷೆಯ ಕಾಗದಕ್ಕೆ ಹಾಕಿದ ಸಹಿಯಂತೂ ಒಪ್ಪಿಗೆಯೇ ಅಲ್ಲ.

ಇನ್ನು ಕೆಲವರು, ಹೆಸರೇನು ಹೊಟ್ಟೆ ತುಂಬಿಸುತ್ತದೆಯೇ ಎನ್ನುತ್ತಾರೆ. ಪ್ರಿಯರೇ, ತುಂಬಿಸುತ್ತದೆ. ಚೆಕ್‌ರೋಲಿನಲ್ಲಿ ಹೆಸರಿಲ್ಲದಿದ್ದರೆ ದುಡಿದ ದಿನವೂ ದುಡಿಯದ ದಿನವೇ ಎಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಹೆಸರಿದ್ದರೆ ನಾಳೆ ಇನ್ನೊಬ್ಬರು ಹುಡುಕಿಕೊಂಡು ಬಂದು ಕೆಲಸ ಕೊಡುತ್ತಾರೆ. ಹೆಸರಿದ್ದರೆ ಪಾಲು ಕೇಳಲು ಆಧಾರವಿರುತ್ತದೆ. ಹೆಸರಿದ್ದರೆ ಮಗಳು, ಇದು ನನ್ನ ಅಮ್ಮನ ದನಿ ಎಂದು ನಾಲ್ಕು ಜನರ ಮುಂದೆ ಹೇಳಬಹುದು. ಹೆಸರೂ ಕೂಲಿಯ ಒಂದು ಭಾಗವೇ.

ನಮ್ಮ ದೇಶದ ಕಾಯಿದೆಯೂ ಈ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟಿದೆ. ೨೦೧೨ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿಯಾದಾಗ, ಹಾಡು ಬರೆದವರಿಗೂ ಸಂಗೀತ ಕೂಡಿಸಿದವರಿಗೂ ಹಾಡಿದವರಂಥ ಕಲಾವಿದರಿಗೂ ವ್ಯಾಪಾರದ ಬಳಕೆಯಲ್ಲಿ ರಾಯಲ್ಟಿಯ ಹಕ್ಕುಂಟೆಂದು ಸೇರಿಸಲಾಯಿತು. ಕಾಯಿದೆ ಇದ್ದ ಮಾತ್ರಕ್ಕೆ ಅದು ಲೈನಿನ ಮನೆಯ ಬಾಗಿಲಿಗೆ ನಡೆದು ಬರುವುದಿಲ್ಲ. ತಿಳಿದು ಕೇಳಬೇಕು, ಒಬ್ಬೊಬ್ಬರಾಗಿ ಅಲ್ಲ, ಕೂಡಿ ಕೇಳಬೇಕು.

ಇತರರಿಗೆ ಹೇಳುವ ಮೊದಲು ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ನಮ್ಮ ಸುಗ್ಗಿ ಹಬ್ಬದ ಆಮಂತ್ರಣದಲ್ಲಿ ಅತಿಥಿಗಳ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತದೆ. ಹಿಂದಿನ ರಾತ್ರಿ ನಿದ್ದೆಗೆಟ್ಟು ಅಡಿಗೆ ಮಾಡಿದವರ, ಮಕ್ಕಳಿಗೆ ಹಾಡು ಕಲಿಸಿದವರ, ಅಂಗಳ ಸಾರಿಸಿದವರ ಹೆಸರು ಎಲ್ಲಿಯೂ ಇರುವುದಿಲ್ಲ. ಮುಂದಿನ ಹಬ್ಬಕ್ಕೆ ಇವರ ಹೆಸರುಗಳನ್ನೂ ಅಚ್ಚು ಹಾಕಿಸಬೇಕೆಂದು ನಾವು ತೀರ್ಮಾನಿಸಿದ್ದೇವೆ. ಎರಡು ಸಾಲು ಹೆಚ್ಚಾದರೆ ಅಚ್ಚಿನವರು ಹೆಚ್ಚು ಹಣವನ್ನೇನೂ ಕೇಳುವುದಿಲ್ಲ.

ಇನ್ನು ಆ ಇಬ್ಬರು ಅಕ್ಕಂದಿರಿಗೆ ನಾವು ಹೇಳಿದ್ದೇನು? ಹಾಡಬೇಡಿರಿ ಎಂದು ಹೇಳಲಿಲ್ಲ. ಹಾಡುವುದು ಅವರ ಸಂತೋಷ, ಹಣ ಅವರ ಅಗತ್ಯ. ನಾಲ್ಕು ಜನ ಕೂಡಿ ಕುಳಿತು ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದೆವು. ಬಳಿಕ ಅವರೇ ಹೇಳಿದಂತೆ ಮೂರು ಮಾತು ಬರೆದು ಕಾಗದವನ್ನು ಹಿಂದಕ್ಕೆ ಕಳುಹಿಸಿದೆವು. ಹಾಡಿದವರ ಹೆಸರು ಪರದೆಯ ಮೇಲೆ ಬರಬೇಕು. ಬೇರೆ ಯಾವುದಕ್ಕಾದರೂ ಈ ದನಿಯನ್ನು ಬಳಸುವುದಾದರೆ ಮತ್ತೆ ಕೇಳಿ, ಮತ್ತೆ ಹಣ ಕೊಡಬೇಕು. ಕರಾರು ಕನ್ನಡದಲ್ಲಿಯೂ ಇರಬೇಕು.

“ಅವರು ಒಪ್ಪದೇ ಹೋದರೆ ಎರಡು ದಿನದ ಕೂಲಿ ಹೋಯಿತಲ್ಲ ಅಕ್ಕಾ” ಎಂದು ಕಿರಿಯಾಕೆ ಅಂದರು. ಹಿರಿಯಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋದರೆ ಹೋಗಲಿ ಕಣೆ, ಈ ಪದ ನಮ್ಮ ಅವ್ವ ಕಲಿಸಿದ್ದು. ಕೊಡೋದಾದರೆ ನಮ್ಮ ಹೆಸರಲ್ಲೇ ಕೊಡೋಣ” ಎಂದರು.

ಪೇಟೆಯಿಂದ ಈವರೆಗೆ ಉತ್ತರ ಬಂದಿಲ್ಲ. ಬಂದ ಕೂಡಲೇ ಇದೇ ಪುಟದಲ್ಲಿ ತಿಳಿಸುತ್ತೇವೆ. ಇಂಥ ಕಾಗದಗಳು ನಿಮ್ಮ ತೋಟಕ್ಕೂ ಬಂದಿದ್ದರೆ ಸಹಿ ಹಾಕುವ ಮೊದಲು ನಮಗೊಂದು ಮಾತು ತಿಳಿಸಿರಿ. ಕೂಡಿ ಕುಳಿತು ಓದೋಣ.